ಕೆಂಚವ್ವನ ಎರಡನೆಯ ಸ್ಕ್ಯಾನು

ಜೂನ್ 3, ಸೋಮವಾರ
ಮತ್ತೆ ಹುಬ್ಬಳ್ಳಿ, ಮತ್ತೆ ಎಂಆರ್‌ಐ ಕೋಣೆ. ಇವತ್ತು ಮಲಗಿದ್ದು ನಮ್ಮ ಯರಗುಪ್ಪಿಯ ಕೆಂಚವ್ವ — ಆಡು ಕಾಯುವವಳು. ಕಣ್ಣೆದುರು ಕಪ್ಪು-ಬಿಳಿ ಚೌಕಗಳು ಮಿನುಗುವಾಗ ಮೆದುಳು ಹೇಗೆ ಸ್ಪಂದಿಸುತ್ತದೆ? ಎರಡು ವಿಧಾನದಲ್ಲಿ ಅಳೆದು, ಯಾವುದು ಮೇಲು ಅಂತ ಹೇಳಬೇಕು. ಅದೇ ನನ್ನ ಪಿಎಚ್‌ಡಿ. ಮೊದಲನೆಯದರಲ್ಲಿ ಸ್ಪಂದನೆ ಚೆನ್ನಾಗಿ ಬಂತು. ಎರಡನೆಯದು ಪೂರಾ ಖಾಲಿ!

ಜೂನ್ 5
ಗೈಡ್ ಏಕನಾಥ ಸರ್ ರಜೆಯಲ್ಲಿ. ಕಾಯಬಹುದಿತ್ತು. ಆದರೆ ಎರಡನೆಯದು ನನ್ನ ಮುದ್ದಿನ ವಿಧಾನ, ರಕ್ತದ ಹರಿವನ್ನೇ ಅಳೆಯುವುದು — ಅದು ತಪ್ಪುತ್ತದೆಯೇ? ಕೆಂಚವ್ವನ ಮಗ ಭೀಮಶಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, ಅವ್ವನ ಸ್ಕ್ಯಾನ್ ಏನಾಯಿತೆಂದು ಕೇಳಿದ. ಹೇಳಿಯೇಬಿಟ್ಟೆ. ಮೆದುಳಿನಲ್ಲಿ ನೋಡುವ ಭಾಗಕ್ಕೆ ರಕ್ತ ಸಾಲುತ್ತಿಲ್ಲ, ಹುಷಾರು ಅಂತ.
"ನೀವು ಕಲತವ್ರು. ನೀವ ಹೇಳಿದ ಮ್ಯಾಲ ಮುಗೀತ್ರಿ" ಅಂದ.
ಒಳಗೊಳಗೇ ಹಿಗ್ಗಿದೆ.

ಜೂನ್ 21
ಊರಿನ ಇನ್ನಿಬ್ಬರು ಹೆಂಗಸರದೂ ಎರಡನೆಯ ಸ್ಕ್ಯಾನ್ ಖಾಲಿ. ಸರ್ ನೋಡಿ ಒಂದೇ ಮಾತು ಕೇಳಿದರು — "ಕಣ್ಣ ತೆರದಿದ್ರೇನು?"
ಗೊತ್ತಿಲ್ಲ. ಕಣ್ಣಿನ ಕ್ಯಾಮೆರಾ ಹಚ್ಚಿರಲೇ ಇಲ್ಲ. ಸೋಮಾರಿತನ, ಮತ್ತೇನು.

ಜೂನ್ 22, ಮಧ್ಯಾಹ್ನ
ಯರಗುಪ್ಪಿಗೆ ಹೋದೆ. ಕೆಂಚವ್ವ ಮನೆಯಲ್ಲೇ ಇದ್ದಳು, ಕೈಕಟ್ಟಿ ಕೂತು. ಈ ಹೊತ್ತಿಗೆ ಮನೆಯಲ್ಲಿರುವವಳಲ್ಲ. ಸ್ಕ್ಯಾನ್ ಆಗುವಾಗ ಕಣ್ಣು ತೆರೆದಿದ್ದೆಯಾ ಅಂತ ಕೇಳಿದೆ.
"ಮೊದ್ಲಿಂದು ಹಿಟ್ಟಿನ ಗಿರಣಿ ಹಂಗ ಒಂದ ಸವನ ಸಪ್ಪಳ. ನೋಡಕೋತ ಮಲಗಿದ್ನಿ. ಎರಡನೇದು ಸುಮ್ನಾಗೂದು, ಧಡ್ ಅನ್ನೂದು, ಮ್ಯಾಲ ಫಳಫಳ ಬೆಳಕ. ಸಿಡ್ಲ ಹೊಡಿಯೂಮುಂದ ಯಾರರೆ ಕಣ್ಣ ತಗೀತಾರೇನ ಯವ್ವಾ? ಗಪ್ಪನ ಮುಚ್ಚಿ, ಅರ್ಜುನ ಫಲ್ಗುಣ ಅನಕೋತ ಬಿದ್ದಿದ್ನಿ."
ಎರೆಹೊಲದಲ್ಲಿ ಸಿಡಿಲು ಕಂಡವರೆಲ್ಲ ಮಾಡುವುದೇ ಇದು. ಚಿಕ್ಕವಳಿದ್ದಾಗ ನಾನೂ ಮಾಡಿದ್ದೇನೆ. ನೆಲ ಬಾಯಿ ಬಿಟ್ಟರೆ ಇಳಿದು ಹೋಗೋಣ ಅನ್ನಿಸಿತು.
"ಕೆಂಚವ್ವಾ, ತಪ್ಪು ನಂದು. ನಿನಗ ಏನೂ ಆಗಿಲ್ಲ."
"ನನಗ ಕೆಟ್ಟ ಅನಸಬಾರ್ದಂತ ಹೇಳ್ತಿ. ಮಷೀನ ಸುಳ್ಳ ಹೇಳತೈತೇನು? ಈಗೀಗ ಎಲ್ಲಾ ಮಬ್ಬ ಕಾಣಾಕತ್ತೈತಿ ನೋಡು."
"ಆಡು ಎಲ್ಲಿ?"
"ಭೀಮಶಿ ಸಂತಿಗೆ ಹೊಡಕೊಂಡ ಹೋಗಿ ಮಾರಿದ. ಕುರುಡಿ ಕೈಯಾಗ ಎಷ್ಟ ದಿನ ಬಿಡ್ತಾನ?"
ನಾಚಿಕೆ.

ಜೂನ್ 23
ಬೆಳಿಗ್ಗೆಯೇ ಭೀಮಶಿಗೆ ಎಲ್ಲ ಹೇಳಿದೆ. ತಲೆ ತಗ್ಗಿಸಿ ಕೇಳಿದ. ಬೈದಿದ್ದರೆ ಚೆನ್ನಾಗಿತ್ತು. "ಅವ್ವನ ಮುಂದ ನೀವ ಇನ್ನೊಮ್ಮೆ ಹೇಳ್ರಿ" ಎಂದು ಒಳಗೆ ಕರೆದ. ಕೆಂಚವ್ವ ಎದ್ದಳು. ಸ್ವಚ್ಛ ಹಗಲು. ನಾನು ಎದುರಿಗೇ ನಿಂತಿದ್ದೆ, ಎರಡು ಮಾರು ದೂರ. ಗೋಡೆ ತಡವುತ್ತ ಬಂದು, ನನ್ನ ಮುಖವನ್ನೇ ನೋಡುತ್ತ — "ಯಾರ ಬಂದಾರೋ ಭೀಮಶಿ?"
ಕಣ್ಣಿಗೆ ಏನೂ ಆಗಿಲ್ಲ; ಅವಳನ್ನು ಕುರುಡಿ ಮಾಡಿದ್ದು ನನ್ನ ಮಾತು.