ಅಂಚಿನ ಮೇಲಿನ ಹೆಸರು

೩ ಮಾರ್ಚ್ ೧೮೫೬, ಸೋಮವಾರ

ಸೋಮವಾರ ನಾರ್ಥಾಂಪ್ಟನ್ನಿನಲ್ಲಿ ಬೂಟು ಹೊಲಿಯುವ ಯಾರೂ ಉಳಿ ಮುಟ್ಟುವುದಿಲ್ಲ, ಭಾನುವಾರದ ಕುಡಿತ ಇಳಿಸುವ ದಿನ. ನಾನು ಮುಟ್ಟಿದೆ. ಎರಡು ಜೊತೆ ಅಟ್ಟೆ ಮುಗಿಯಿತು. ಕ್ರೈಮಿಯಾದ ಹಿಮ ತಿಂದ ಕಾಲ್ಬೆರಳುಗಳು ಇವತ್ತೂ ನೋವು — ಇಲ್ಲದ ಬೆರಳು ಹೇಗೆ ನೋಯುತ್ತದೋ. ಮಧ್ಯಾಹ್ನ ಅಂಚೆಯಲ್ಲಿ ಡಬ್ಬಿ. ನನ್ನ ಯುದ್ಧದ ಪದಕ. ಬೆಳ್ಳಿಯಲ್ಲಿ ರಾಣಿಯ ಮುಖ, ನೀಲಿ ರಿಬ್ಬನ್. ಅಂಚು ಬೋಳು. ಹೆಸರು ಬೇಕಾದವರು ತಾವೇ ಕೆತ್ತಿಸಿಕೊಳ್ಳಬೇಕಂತೆ.

ಎದುರುಮನೆ ಕೆಜಾಯಾ ಅವ್ವ, ಜೋಬನ ತಾಯಿ, ಕಿಟಕಿಯಿಂದಲೇ ಕೇಳಿದಳು. "ಈನಕ್, ಪದಕ ಬಂತೇನೋ? ನಮ್ ಜೋಬಂದೂ ಬಂತಾ?"

"ಯಾರದೋ ಬೂಟಿನ ಬಕಲ್ಲು ಅವ್ವ."

ಯಾಕೆ ಸುಳ್ಳು ಹೇಳಿದೆನೋ.

೧೧ ಮಾರ್ಚ್

ಜೋಬನ ಪದಕ ಕೇಳಿ ಸೈನ್ಯದ ಕಚೇರಿಗೆ ಬರೆದಿದ್ದೆ. ಉತ್ತರ ಬಂತು. ಕ್ರೈಮಿಯಾದಲ್ಲಿ ಇಳಿದವರಿಗೆ ಮಾತ್ರವಂತೆ. ಜೋಬ್ ಇಳಿಯಲಿಲ್ಲ. ಅಲ್ಲಿಗೆ ಹೋಗುವ ಹಡಗು ಹತ್ತುವ ಮೊದಲೇ, ಸಮುದ್ರದ ಈಚೆ ದಡದ ವಾರ್ನಾ ಬಂದರಿನಲ್ಲಿ ಕಾಲರಾ. ಬೆಳಿಗ್ಗೆ ನನ್ನ ಗಡ್ಡ ನೋಡಿ ನಕ್ಕಿದ್ದ. ಸಂಜೆ ಕಂಬಳಿಯಲ್ಲಿ ಸುತ್ತಿದೆವು. "ಅವ್ವನ ಏಪ್ರನ್ ಹಿಡ್ಕೊಂಡೇ ಇರು" ಎಂದು ರೇಗಿಸಿ ಸೈನ್ಯಕ್ಕೆ ಎಳೆದುಕೊಂಡು ಹೋದವನು ನಾನೇ.

ಅವ್ವನಿಗೆ ಓದು ಬರುವುದಿಲ್ಲ. "ಏನಂತೆ?" ಎಂದಳು.

"ಬರುತ್ತಂತೆ ಅವ್ವ."

ಅವಳ ಕೆಮ್ಮು ಕೇಳಲಾಗುತ್ತಿಲ್ಲ. ಬೇಸಿಗೆ ದಾಟುವುದಿಲ್ಲ ಎನ್ನುತ್ತಾರೆ.

೧೫ ಮಾರ್ಚ್

ಗಡಿಯಾರ ರಿಪೇರಿಯ ಲವೆಲ್ ಹತ್ತಿರ ಹೋದೆ. ಅವನ ಬೂಟಿಗೆ ಹೊಸ ಅಟ್ಟೆ, ನನ್ನ ಪದಕದ ಅಂಚಿಗೆ ಹೆಸರು — ಅಷ್ಟೇ ಮಾತು. ಹೆಸರು ಬರೆದ ಚೀಟಿ ನೋಡಿದ.

"ಇದು ನಿನ್ ಹೆಸರಲ್ವಲ್ಲ ಮಾರಾಯ?"

"ಬರ್ದಿರೋದನ್ನ ಕೆತ್ತಪ್ಪ."

ಕೆತ್ತಿದ. ಬೆಳ್ಳಿಪುಡಿ ಊದಿದ. ಜೋಬ್ ಟೆಬಟ್. ಅಲ್ಲಿ ನನ್ನ ಹೆಸರು ನೋಡುವ ಆಸೆ ನನಗೂ ಇತ್ತು. ಇರಲಿಲ್ಲ ಎಂದು ಇಲ್ಲಿ ಬರೆದು ಯಾರನ್ನು ಮೆಚ್ಚಿಸಲಿ.

೧೬ ಮಾರ್ಚ್, ಭಾನುವಾರ

ಕೊಟ್ಟೆ. ಅವ್ವ ಅಂಚಿನ ಮೇಲೆ ಬೆರಳಾಡಿಸಿದಳು. "ಜೋಬ್ ಅನ್ನೋದು ಎಲ್ಲಿಂದ ಎಲ್ಲೀವರ್ಗೂ?" ತೋರಿಸಿದೆ. ಅಲ್ಲೇ ಬೆರಳಿಟ್ಟು ಕೂತಳು. ಟೀ ಆರಿಹೋಯಿತು.

"ನಿಂದು?"

"ಇನ್ನೂ ಇಲ್ಲ."

"ಅದೆಷ್ಟ್ ತಡ ಮಾಡ್ತಾರೋ, ಹಾಳಾದೋರು."

೭ ಏಪ್ರಿಲ್

ಅವ್ವ ಬೀದಿಗೆಲ್ಲ ಪದಕ ತೋರಿಸಿದ್ದಾಳೆ. ಬಿಯರಂಗಡಿಯಲ್ಲಿ ಗಿಬ್ಬಿನ್ಸ್ ಶುರುಮಾಡಿದ. "ಸತ್ತೋನ್ದೇ ಬಂತು, ನಿಂದೆಲ್ಲೋ? ಸೆವಾಸ್ತೊಪೋಲ್ ಯುದ್ಧದಲ್ಲಿ ಆಲೂಗಡ್ಡೆ ಸುಲೀತಿದ್ಯಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಅರ್ಧ ಬಿಯರು ಬಿಟ್ಟು ಎದ್ದು ಬಂದೆ.

೨೭ ಮೇ

ಬಹಳ ದಿನ ಬರೆದಿಲ್ಲ. ಮಾಡಿದ್ದು ಸರಿ ಎಂದು ದಿನಾ ಹೇಳಿಕೊಳ್ಳುತ್ತಿದ್ದೆ.

ಅವ್ವ ಏಳುತ್ತಿಲ್ಲ. ಹತ್ತಿರ ಕರೆದಳು. ದಿಂಬಿನಡಿಯಿಂದ ಪದಕ ತೆಗೆದಳು.

"ನಾಳಿದ್ದು ಯುದ್ಧ ಮುಗಿದ ಶಾಂತಿ ಹಬ್ಬದ ಮೆರವಣಿಗೆ. ಬರೀ ಎದೇಲಿ ಹೋಗ್ಬೇಡ ಮಗ. ನಿಂದಂತೂ ಬರ್ಲಿಲ್ಲ. ನಮ್ ಜೋಬಂದು ಹಾಕ್ಕೋ. ಅವ್ನೇನೂ ಅನ್ಕೊಳಲ್ಲ."

ಬೇಡ ಅವ್ವ ಎಂದೆ. ಕೇಳಲಿಲ್ಲ. ನನ್ನ ಮುಷ್ಟಿಯೊಳಗಿಟ್ಟು ಬೆರಳು ಮಡಿಸಿದಳು. ಹೇಳಿಬಿಡಬೇಕಿತ್ತು.

೨೮ ಮೇ

ಬೆಳಿಗ್ಗೆ ಹೋಗಿಬಿಟ್ಟಳು.

೨೯ ಮೇ, ಹತ್ತು ಗಂಟೆ

ಬ್ಯಾಂಡು ಬೀದಿ ತಿರುವಿಗೆ ಬಂದಿದೆ. ಎದುರು ಕಿಟಕಿಗೆ ಪರದೆ ಎಳೆದಿದ್ದಾರೆ. ನಾಳೆ ಮಣ್ಣು. ಹಾಕಿಕೋ ಎಂದಿದ್ದಳು, ಹಾಕಿಕೊಂಡಿದ್ದೇನೆ. ಗಿಬ್ಬಿನ್ಸ್ ಬಿಯರಂಗಡಿ ಬಾಗಿಲಲ್ಲೇ ನಿಂತಿದ್ದಾನೆ. ಅಂಚು ತಿರುಗಿಸಿ ಓದದೆ ಬಿಡುವವನಲ್ಲ. ಯಾರದೋ ಇದು ಎಂದು ಕೇಳಿದರೆ ನಿಜವೋ ಸುಳ್ಳೋ ಒಂದು ಹೇಳಬೇಕು, ಇದು ನನ್ನ —