ಬರಿಯ ಹೆಸರು, ಮೂರೆಲೆಯ ಗೆಣಸು

ಶ್ರಾವಣದ ಅರವತ್ತೊಂದನೆಯ ದಿನ, ಗುಡ್ಡ ಸೇರಿದ ಇಪ್ಪತ್ಮೂರನೆಯ ವರ್ಷ.

ಗ್ರಂಥಾಲಯದಲ್ಲಿ ಕೂತು ಪುಸ್ತಕಗಳ ಕ್ಯಾಟಲಾಗು ಬರೆಯುವ ಹಿರಿಯರಿಗೆ, ನಿಮ್ಮ ಮರಿಮಕ್ಕಳ ಮರಿಮಗಳಂಥ ಬಾಳವ್ವ ಮಾಡುವ ಶರಣು. ತಾರೀಖು ನೋಡಿ ನಗಬೇಡಿ. ಮಳೆ ಬೀಳದೆ ನಾವು ಶ್ರಾವಣವನ್ನು ಮುಗಿಸುವುದಿಲ್ಲ, ಈ ಸಲ ಅದು ಇನ್ನೂ ಮುಗಿದಿಲ್ಲ. ನನ್ನ ಮಾತಿನಲ್ಲಿ ಅರ್ಧ ಹಳೆಯ ಪುಸ್ತಕದ್ದು, ಅರ್ಧ ಒಲೆಯ ಮುಂದಿನದು. ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬಯಲು ಬೆಂದುಹೋದ ಮೇಲೆ ಗುಡ್ಡ ಹತ್ತಿದ ಮುನ್ನೂರು ಮಂದಿ ನಾವು. ಹೊತ್ತು ಏರುವ ಮೊದಲೇ ಕೆಲಸ ಮುಗಿಸಿ ಗವಿಗಳಲ್ಲಿ ಸೇರಿಕೊಳ್ಳುತ್ತೇವೆ. ಇಬ್ಬನಿಬಟ್ಟೆ ಎಂಬುದೊಂದಿದೆ, ಬಂಡೆಯ ಮೇಲೆ ಹಾಸಿ ಬೆಳಗ್ಗೆ ಹಿಂಡಿದರೆ ಮನೆಗೊಂದು ತಂಬಿಗೆ ನೀರು. ನಮ್ಮ ಪ್ರತಿ ಬಾವಿ, ಗೋಡೆ, ಸಮಾಧಿಯ ಮೇಲೂ ಕೈಸಾಲು ಕೆತ್ತಿರುತ್ತದೆ, ಅಂದರೆ ಯಾರ ಕೈ ಏನು ಮಾಡಿತು ಎಂಬ ಸಾಲು. ಕಲ್ಲು ಒಡೆದವಳು ಇಂಥವಳು, ಹೊತ್ತವನು ಇಂಥವನು, ಅಳತೆ ತಪ್ಪಿದವನು ಇಂಥವನು. ಕೆಲಸ ಹೇಳದ ಬರಿಯ ಹೆಸರನ್ನು ನಾವು ಮೂಗಹೆಸರು ಎನ್ನುತ್ತೇವೆ. ಇಡೀ ಗುಡ್ಡದಲ್ಲಿ ಅಂಥ ಹೆಸರು ಇದ್ದದ್ದು ಒಂದೇ, ಅದು ನನ್ನದು.

ಗುಡ್ಡಕ್ಕೆ ಬಂದ ಮೂರನೆಯ ವರ್ಷ ಕಾಳೆಲ್ಲ ತೀರಿತು. ಬಯಲಿನವರಾದ ನಮಗೆ ಇಲ್ಲಿನ ಬೇರುಬಳ್ಳಿ ಒಂದೂ ಗೊತ್ತಿರಲಿಲ್ಲ. ಗೆಡ್ಡೆಗಳ ಬಗೆಗಿನ ಒಂದು ಪುಸ್ತಕ ಮಾತ್ರ ನಮ್ಮ ಗಂಟಿನಲ್ಲಿತ್ತು, ಅದರ ಮೊದಲ ಹಾಳೆಗಳನ್ನು ಗೆದ್ದಲು ತಿಂದಿತ್ತು. ಕಾಡುಗೆಣಸಿನ ಪುಟದಲ್ಲಿ ಐದೆಲೆಯ ಬಳ್ಳಿಯದು ತಿನ್ನಬಹುದು, ಮೂರೆಲೆಯದು ವಿಷ ಎಂದು ಬರೆದಿತ್ತು. ಆದರೆ ತಿನ್ನುವ ಗೆಣಸೆಂದು ಪಕ್ಕದಲ್ಲಿ ತೆಗೆದ ಚಿತ್ರದಲ್ಲಿ ಮೂರೇ ಎಲೆ, ಅದರಡಿ ನೀಲಾವತಿ ಕಟಗಿ ಎಂಬ ಸಹಿ. ನಮ್ಮ ಸುತ್ತ ಬೆಳೆದಿದ್ದದ್ದೂ ಮೂರೆಲೆಯದೇ.

ಚೆನ್ನಾಗಿ ಓದಬಲ್ಲವಳು ಆಗ ನಾನೊಬ್ಬಳೇ, ಆ ಹಮ್ಮೂ ಇತ್ತು. ಬರಹ ಸರಿಯೋ ಚಿತ್ರ ಸರಿಯೋ ತಿಳಿಯಲು ಎರಡು ದಿನ ನಡೆದು ಕೆಳಗಿನ ಪಟ್ಟಣದ ಗ್ರಂಥಾಲಯಕ್ಕೆ ಹೋದೆ. ಪುಸ್ತಕಗಳನ್ನೆಲ್ಲ ಜನ ಒಲೆಗೆ ಹಾಕಿದ್ದರು. ಕ್ಯಾಟಲಾಗು ಉರಿಯುವ ವಸ್ತುವಲ್ಲವಾದ್ದರಿಂದ ಬಿಸಿಲಿನಿಂದ ನಡೆಯುವ ಒಂದು ಕಂಪ್ಯೂಟರಿನಲ್ಲಿ ಉಳಿದಿತ್ತು. ನಮ್ಮ ಪುಸ್ತಕದ ಎದುರು ಎರಡು ಹೆಸರು ಕಂಡವು: ಶಾಂತವೀರ ಹೂಗಾರ, ನೀಲಾವತಿ ಕಟಗಿ. ಯಾರು ಏನು ಮಾಡಿದರೆಂದು ಇರಲಿಲ್ಲ. ಹೂಗಾರರ ಹೆಸರನ್ನು ಹುಡುಕಿದರೆ ಇದೊಂದೇ ಪುಸ್ತಕ. ಕಟಗಿಯವರ ಹೆಸರಿಗೆ ಇಪ್ಪತ್ತೆರಡು, ಎಲ್ಲವೂ ಗಿಡಬಳ್ಳಿಗಳವೇ. ಇಷ್ಟು ಬರೆದ ಪಂಡಿತೆ ತಪ್ಪುವಳೇ? ಚಿತ್ರವೇ ಸರಿ, ಬರಹ ತಪ್ಪಿದೆ ಎಂದು ತೀರ್ಮಾನಿಸಿ ಗುಡ್ಡ ಹತ್ತಿದೆ.

ಅಡುಗೆಯ ಕಸ್ತೂರವ್ವ ಅನುಮಾನಪಟ್ಟಳು. "ಮದ್ಲ ನಾ ಒಬ್ಬಾಕಿ ಉಂಡ ನೋಡತೀನಿ, ನಾಳೆ ಎಲ್ಲಾರೂ ಉಣ್ಣೂಣು" ಎಂದಳು. ಹಸಿದ ಮಕ್ಕಳ ಮುಂದೆ ನಾಳೆ ಎನ್ನಬೇಡ ಎಂದು ನಾನೇ ಗದರಿಸಿದೆ. ನನ್ನ ಆರು ವರ್ಷದ ಹೊನ್ನವ್ವ ಎರಡು ತುತ್ತು ತಿಂದು, "ಎವ್ವಾ, ನಾಲಿಗಿ ಚುರುಚುರು ಅಂತೈತಿ" ಎಂದಳು. ಹೊಸ ರುಚಿ, ಉಣ್ಣು ಎಂದೆ. ಸಂಜೆಯೊಳಗೆ ಆರು ಜನ ಸತ್ತರು. ಅವರಲ್ಲಿ ಹೊನ್ನವ್ವನೂ ಒಬ್ಬಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಿಂಗಳು ಕಳೆದ ಮೇಲೆ ಮತ್ತೆ ಗ್ರಂಥಾಲಯಕ್ಕೆ ಹೋಗಿ ಹುಚ್ಚಿಯ ಹಾಗೆ ಆ ಕಂಪ್ಯೂಟರನ್ನು ಕೆದಕಿದೆ. ಓದುಗರಿಗೆ ಕಾಣುವ ಪುಟದ ಹಿಂದೆ ಪೂರ್ತಿ ದಾಖಲೆ ಇತ್ತು. ಅದರಲ್ಲಿ ಶಾಂತವೀರ ಹೂಗಾರ ಲೇಖಕ, ನೀಲಾವತಿ ಕಟಗಿ ಚಿತ್ರ ಬರೆದವರು. ಇಪ್ಪತ್ತೆರಡರಲ್ಲೂ ಆಕೆ ಚಿತ್ರವನ್ನಷ್ಟೇ ಬರೆದವರು. ನಿಮ್ಮಲ್ಲೊಬ್ಬರು ತಾಳ್ಮೆಯಿಂದ ಒಂದೊಂದನ್ನೂ ತುಂಬಿದ್ದರು, ಅವರ ಕೈಗೆ ಶರಣು. ಇನ್ನೊಬ್ಬರು ಕೆಳಗೆ ಒಂದು ಟಿಪ್ಪಣಿ ಬಿಟ್ಟಿದ್ದರು: "ಪರದೆ ತುಂಬಿದಂತೆ ಕಾಣುತ್ತದೆ. ಓದುಗರಿಗೆ ಹೆಸರು ಸಾಕು." ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಗೊತ್ತಿಲ್ಲದವರು ಹೇಳದಿದ್ದರೆ ಒಪ್ಪಬಹುದು. ನಿಮಗೆ ಗೊತ್ತಿತ್ತು, ಬರೆದೂ ಇಟ್ಟಿದ್ದಿರಿ, ಆಮೇಲೆ ಅಂದಕ್ಕಾಗಿ ಮುಚ್ಚಿದಿರಿ.

ಆದರೆ ನಿಮ್ಮನ್ನು ಬೈಯಲು ನನಗೆ ಬಾಯಿಲ್ಲ. ಆರು ಸಮಾಧಿಗಳ ಮುಂದೆ ನಮ್ಮ ಮೊದಲ ಕೈಸಾಲು ಕೆತ್ತಿದಾಗ, ಅಗೆದವನು ಹಾಲಪ್ಪ, ಬೇಯಿಸಿದವಳು ಕಸ್ತೂರವ್ವ ಎಂದು ಬರೆದರು. ನನ್ನ ಸರದಿ ಬಂದಾಗ ಹಿರಿಯರಾದ ದುರುಗಪ್ಪ ಮುತ್ಯಾ ತಡೆದರು. "ಕೂಸು ಕಳಕೊಂಡಾಳ. ಹೆಸರ ಅಷ್ಟ ಇರ್ಲಿ, ಕೆಲಸ ಬರೀಬ್ಯಾಡ್ರಿ" ಎಂದರು. ನಾನು ಸುಮ್ಮನಿದ್ದೆ. ನಿಜ ಬಲ್ಲ ಕೆಲವರು ಒಬ್ಬೊಬ್ಬರಾಗಿ ಸತ್ತರು, ಹಾಲಪ್ಪನೂ ಹೋದ. ಆಮೇಲೆ ಹುಟ್ಟಿದವರು ಕಲ್ಲನ್ನು ಓದಿ, ಆರು ಜನರನ್ನು ಕೊಂದವಳು ಕಸ್ತೂರವ್ವ ಎಂದೇ ತಿಳಿದರು. ಅವಳು ನಿಜ ಹೇಳಿದರೆ, "ಕಲ್ಲಿನಾಗ ಇಲ್ಲಲ್ಲ?" ಎಂದರು. ವರ್ಷಗಟ್ಟಲೆ ಯಾರೂ ಅವಳ ಕೈಯಿಂದ ನೀರು ಸಹ ಕುಡಿಯಲಿಲ್ಲ. ಈಗ ಅವಳಿಗೆ ಕಣ್ಣಿಲ್ಲ, ಹಾಸಿಗೆ ಹಿಡಿದಿದ್ದಾಳೆ.

ನಿಮ್ಮಲ್ಲಿ ಬೇಡುವುದು ಇಷ್ಟೇ. ಬರೆದವರು, ಚಿತ್ರ ತೆಗೆದವರು, ಅನುವಾದಿಸಿದವರು, ತಿದ್ದಿದವರು ಯಾರಾದರೂ ಇರಲಿ, ಹೆಸರಿನ ಪಕ್ಕದಲ್ಲೇ ಅವರ ಕೆಲಸ ಕಾಣಲಿ. ಪರದೆ ತುಂಬಿದರೆ ತುಂಬಲಿ.

ಇಂದು ಬೆಳಗ್ಗೆ ಉಳಿ ಒಯ್ದು ಕಲ್ಲಿನ ಮೇಲೆ ನನ್ನ ಹೆಸರಿನ ಮುಂದೆ ನನ್ನ ಕೆಲಸವನ್ನು ಕೆತ್ತಿದೆ. ಎಲ್ಲರೂ ನೋಡುತ್ತ ನಿಂತಿದ್ದರು. ಕಸ್ತೂರವ್ವನನ್ನು ಹೊತ್ತು ತಂದು ಅವಳ ಬೆರಳನ್ನು ಆ ಅಕ್ಷರಗಳ ಮೇಲೆ ಇಟ್ಟೆ. ಅವಳು ತಡವಿ ತಡವಿ ಕೊನೆಯವರೆಗೂ ಓದಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, "ಇಷ್ಟ ಬರಿಯಾಕ ಇಪ್ಪತ್ತ ವರ್ಷ ಬೇಕಾತೇನವಾ?" ಎಂದಳು.

ಈ ಪತ್ರ ಬರೆದವಳು: ಬಾಳವ್ವ. ಮೂರೆಲೆಯ ಗೆಣಸು ತಿನ್ನಬಹುದು ಎಂದವಳು.