ಹುಣಸೆ ಹುಳಿಯ ಕರೆಂಟು

ಗುಬ್ಬಿ
14 ಮೇ 2002, ಮಂಗಳವಾರ

ಚಿ. ಸೌ. ಶಾಂತಲಾಳಿಗೆ ಅಮ್ಮನ ಆಶೀರ್ವಾದ.

ಮಂಜು ಚೆನ್ನಾಗಿದ್ದಾಳೆ. ಇದನ್ನು ಮೊದಲು ಓದಿಕೊ, ಇನ್ನೊಂದು ಸಲ ಓದಿಕೊ, ಆಮೇಲೆ ಮುಂದಕ್ಕೆ ಹೋಗು. ನಿನ್ನ ಮಗಳು ಮಂಜುಶ್ರೀ ಇಲ್ಲೇ ನನ್ನ ಪಕ್ಕ ಜಗಲಿಯ ಮೇಲೆ ಕಾಲು ಚಾಚಿ ಕೂತು ಬಿಸ್ಕತ್ತು ತಿನ್ನುತ್ತಿದ್ದಾಳೆ. ನಿಮ್ಮಪ್ಪ ಮಲಗಿದ್ದಾರೆ. ಮಧ್ಯಾಹ್ನ ಮಲಗುವುದು ಅವರ ಅಭ್ಯಾಸ, ನಿನಗೆ ಗೊತ್ತಲ್ಲ.

ಕುಣಿಗಲ್ ಬಸ್ಸಿನ ಕಂಡಕ್ಟರ್ ಚಿಕ್ಕರಂಗಯ್ಯ ನಿಮ್ಮ ಮನೆಗೆ ಬಂದು ಏನಾದರೂ ಹೇಳಿದರೆ ನಂಬಬೇಡ. ಅವನು ನಮ್ಮನ್ನು ನಿನ್ನೆ ತುಮಕೂರಿನಲ್ಲಿ ನೋಡಿಬಿಟ್ಟ. ಅವನ ಬಾಯಿಯೂ ಅವನ ಬಸ್ಸಿನ ಹಾಗೆಯೇ, ಪ್ರತಿ ಸ್ಟಾಪಿನಲ್ಲೂ ನಿಂತು ಒಂದಿಷ್ಟು ಹತ್ತಿಸಿಕೊಂಡೇ ಹೊರಡುವುದು. ಇಲ್ಲಿ ಗುಂಡಿಯಷ್ಟಿದ್ದ ಸುದ್ದಿ ಕುಣಿಗಲ್ ಮುಟ್ಟುವಷ್ಟರಲ್ಲಿ ಕುಂಬಳಕಾಯಿ ಆಗಿರುತ್ತದೆ. ಅದಕ್ಕೆ ಮೊದಲು ನನ್ನ ಕಾಗದ ನಿನ್ನ ಕೈ ಸೇರಬೇಕು. ನಿನಗೆ ಏಳು ತಿಂಗಳು ತುಂಬುತ್ತಿದೆ, ಹಾಸಿಗೆ ಬಿಟ್ಟು ಏಳಬಾರದು ಅಂತ ಡಾಕ್ಟರಮ್ಮ ಹೇಳಿದ್ದಾರೆ. ಫೋನ್ ಮಾಡಿದರೆ ನಿಮ್ಮತ್ತೆ ಎತ್ತುತ್ತಾರೆ, ಆಮೇಲೆ ನಿನ್ನ ಕೈಗೆ ಕೊಟ್ಟು ಅಲ್ಲೇ ನಿಂತಿರುತ್ತಾರೆ. ನಿನ್ನ ತಮ್ಮ ತಿಮ್ಮೇಶನ ಬಾಯಲ್ಲಿ ಹೇಳಿ ಕಳಿಸೋಣ ಅಂದರೆ ಅವನು ‘ಅಕ್ಕಾ’ ಅನ್ನುವಷ್ಟರಲ್ಲೇ ಅತ್ತುಬಿಡುತ್ತಾನೆ. ಅದಕ್ಕೇ ಬರೆದು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ಚಿಕ್ಕವಳಿದ್ದಾಗ ನಾನು ಕಥೆ ಹೇಳಿದರೆ ಹೂಂ ಅನ್ನುತ್ತಿದ್ದೆಯಲ್ಲ, ಹಾಗೆ ಹೂಂ ಅನ್ನುತ್ತಾ ಓದು. ಹೂಂ ನಿಂತರೆ ಕಥೆ ದಾರಿ ತಪ್ಪಿ ಕಾಡಿಗೆ ಹೋಗುತ್ತದೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು.

ನಿನ್ನ ಹಳೆಯ ಆಟದ ಪೆಟ್ಟಿಗೆ ನೆನಪಿದೆಯಾ? ಅಂಗೈಯಗಲದ್ದು. ಮಹಾದೇವಯ್ಯ ಮಾವ ಬೊಂಬಾಯಿಂದ ತಂದುಕೊಟ್ಟದ್ದು. ಗಾಜಿನೊಳಗೆ ಮರದಿಂದ ಕಾಯಿ ಬೀಳುತ್ತವೆ, ಕೆಳಗೆ ಕೋತಿ ಬುಟ್ಟಿ ಹಿಡಿದುಕೊಂಡು ಆ ಕಡೆ ಈ ಕಡೆ ಓಡುತ್ತದೆ. ನೀನು ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ. ಅಟ್ಟದ ಟ್ರಂಕಿನಲ್ಲಿ, ನಿನ್ನ ಸ್ಕೂಲಿನ ಸ್ವೆಟರಿನೊಳಗೆ ಸುತ್ತಿಟ್ಟದ್ದು ಮಂಜುವಿನ ಕೈಗೆ ಸಿಕ್ಕಿತು. ನಿಮ್ಮಪ್ಪ ತುಮಕೂರಿಂದ ಹುಣಸೆ ಬೀಜದಂಥ ಎರಡು ಗುಂಡಿ ಸೆಲ್ಲು ತಂದು ಹಾಕಿದರು. ಕೋತಿ ಎದ್ದು ಓಡಿತು. ಮಂಜು ಆರಿಸದೆ ಇಟ್ಟು ಇಟ್ಟು ಸೆಲ್ಲು ಬೇಗನೆ ಸತ್ತವು. ಗುಬ್ಬಿಯಲ್ಲಿ ವಾಚ್ ರಿಪೇರಿ ಮಾಡುವ ಅಂಜನಮೂರ್ತಿಯ ಹತ್ತಿರ ನಿಮ್ಮಪ್ಪ ಹೋದರೆ, “ಮನುಷ್ಯರ ವಾಚಿಗೇ ಈ ಸೈಜ್ ಸಿಗ್ತಿಲ್ಲ ದ್ಯಾವಪ್ನೋರೇ, ನಿಮ್ಮ ಕೋತಿಗೆ ಎಲ್ಲಿಂದ ತರ್ಲಿ?” ಅಂದನಂತೆ.

ಅಲ್ಲಿಂದ ಶುರುವಾಯಿತು ತಾತ ಮೊಮ್ಮಗಳ ಕಾರ್ಖಾನೆ. ಮೊದಲು ಸತ್ತ ಸೆಲ್ಲುಗಳನ್ನು ಅಂಗಳದ ಚಪ್ಪಡಿಯ ಮೇಲೆ ಸಂಡಿಗೆಯ ಹಾಗೆ ಒಣಗಿಸಿದರು. ಬಿಸಿ ಸೆಲ್ಲು ಹಾಕಿದರೆ ಕೋತಿ ಅರೆಗಣ್ಣು ಬಿಟ್ಟು ಮತ್ತೆ ಮಲಗಿತು. ಆಮೇಲೆ ನನ್ನ ಟಾರ್ಚಿನ ಎರಡು ಸೆಲ್ಲು ಕಿತ್ತು, ಸೈಕಲ್ ಟ್ಯೂಬಿನ ರಬ್ಬರಿನಲ್ಲಿ ಬಿಗಿದು, ಎರಡು ವೈರು ಎಳೆದು ಪೆಟ್ಟಿಗೆಗೆ ಕೊಟ್ಟರು. ಅದು ಓಡಿತು, ಚೆನ್ನಾಗಿಯೇ ಓಡಿತು. ಆದರೆ ಕರೆಂಟು ಹೋದಾಗ ಟಾರ್ಚು ಒತ್ತಿದರೆ ಒಳಗೆ ಗಾಳಿ. “ನಿಮ್ಮ ಕೋತಿ ಕುಣೀಲಿ ಅಂತ ನಾನು ಬಚ್ಚಲಲ್ಲಿ ಜಾರಿ ಬೀಳ್ಬೇಕಾ?” ಅಂತ ವಾಪಸ್ ಕಿತ್ತುಕೊಂಡೆ. ಗೋಡೆಯ ಪ್ಲಗ್ಗಿಗೇ ವೈರು ಚುಚ್ಚುತ್ತೇನೆ ಅಂತ ನಿಮ್ಮಪ್ಪ ಅಂದಾಗ ತಿಮ್ಮೇಶ ಕೂಗಾಡಿ, ತಾನೇ ಒಂದು ಉಪಾಯ ಹೇಳಿದ. ಹುಳಿಯ ರಸದಲ್ಲಿ ಒಂದು ಕಡೆ ತಾಮ್ರ, ಇನ್ನೊಂದು ಕಡೆ ಸತುವು ಅದ್ದಿದರೆ ಸಣ್ಣಗೆ ಕರೆಂಟು ಹುಟ್ಟುತ್ತದಂತೆ. ಈ ಆಟಕ್ಕೆ ಅಷ್ಟು ಸಾಕಂತೆ.

ಹುಳಿಗೆ ನಮ್ಮಲ್ಲಿ ಏನು ಬರ? ಹೊಸ ಹುಣಸೆಹಣ್ಣು ಈಗಷ್ಟೇ ಕುಟ್ಟಿ ಗಡಿಗೆ ತುಂಬಿಟ್ಟಿದ್ದೆ. ತಾಮ್ರದ ತಂತಿ ತಿಮ್ಮೇಶನ ಮೋಟಾರು ರಿವೈಂಡಿಂಗ್ ಅಂಗಡಿಯಿಂದ ಬಂತು. ಸತ್ತ ಟಾರ್ಚ್ ಸೆಲ್ಲಿನ ತಗಡು ಬಿಚ್ಚಿ ಸತುವು ಮಾಡಿಕೊಂಡರು. ದೀಪಾವಳಿಯ ಹಣತೆಗಳನ್ನು ಸಾಲಾಗಿಟ್ಟು ರಸ ಹುಯ್ದು, ಒಂದರ ತಾಮ್ರವನ್ನು ಪಕ್ಕದ್ದರ ಸತುವಿಗೆ ಕಟ್ಟಿ, ಕೈ ಕೈ ಹಿಡಿದು ನಿಂತ ಮಕ್ಕಳ ಹಾಗೆ ಜೋಡಿಸಿದರು. “ಆ ರಸ ಮಾತ್ರ ಸಾರಿಗೆ ಹಾಕ್ಬೇಡ ಕಣಮ್ಮ” ಅಂತ ತಿಮ್ಮೇಶ ನನಗೆ ಹೇಳಿಯೇ ಅಂಗಡಿಗೆ ಹೋದ.

ಇದು ನಿನ್ನೆ ಬೆಳಗಿನ ಮಾತು. ಹೂಂ ಅನ್ನುತ್ತಿದ್ದೀಯಾ?

ನಿಮ್ಮಪ್ಪನಿಗೆ ಒಂದು ಕೆಟ್ಟ ಚಾಳಿ ಇದೆ. ರೇಡಿಯೋ ಕಾಲದಿಂದಲೂ, ಯಾವ ಸೆಲ್ಲು ಕೈಗೆ ಸಿಕ್ಕಿದರೂ ನಾಲಿಗೆಗೆ ಮುಟ್ಟಿಸಿ ನೋಡುವುದು. ಚುರ್ ಅಂದರೆ ಜೀವ ಇದೆ, ಅನ್ನದಿದ್ದರೆ ಸತ್ತಿದೆ. ಇವರನ್ನು ನೋಡಿ ಮಂಜುವೂ ಒಂದು ದಿನ ನಾಲಿಗೆ ಚಾಚಿದ್ದಳು. ಅವತ್ತೇ ಇಬ್ಬರನ್ನೂ ನಿಲ್ಲಿಸಿಕೊಂಡು, “ಇನ್ನೊಂದ್ಸಲ ಸೆಲ್ ನೆಕ್ಕಿದ್ದು ಕಂಡ್ರೆ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ” ಅಂದಿದ್ದೆ.

ನಿನ್ನೆ ಪೆಟ್ಟಿಗೆಗೆ ವೈರು ಕೊಡುವುದಕ್ಕೆ ಅಂತ ಆ ಎರಡು ಗುಂಡಿ ಸೆಲ್ಲನ್ನು ತೆಗೆದಿದ್ದಾರೆ. ಊಟವಾದ ಮೇಲೆ ನಾನು ಪಡಸಾಲೆ ಗುಡಿಸುವಾಗ ನೋಡಿದರೆ ತಟ್ಟೆಯಲ್ಲಿ ಒಂದೇ ಇದೆ. ಚಾಪೆ ಕೊಡವಿದೆ, ಮೊರ ಜಾಲಾಡಿದೆ, ಹಣತೆಗಳಿಗೆ ಬೆರಳು ಹಾಕಿ ಹುಳಿ ಕಲಕಿದೆ. ಇಲ್ಲ. ಮಂಜುವನ್ನು ಕೇಳಿದೆ. ಅವಳು ಕೆಳಗೆ ನೋಡಿದಳು.

“ಹೊಟ್ಟೇಲೈತೆ” ಅಂದಳು.

“ಯಾರ ಹೊಟ್ಟೇಲೇ?”

ಲಂಗದ ಮೇಲೆ ಕೈಯಿಟ್ಟು, “ನಂದು” ಅಂದಳು.

ಶಾಂತಲಾ, ನನ್ನ ಕೈಯ ಪೊರಕೆ ಎಲ್ಲಿ ಬಿತ್ತೋ ನೆನಪಿಲ್ಲ. ಮಗುವನ್ನು ಎತ್ತಿಕೊಂಡು ಬರಿಗಾಲಲ್ಲಿ ಶಿವರಾಮಯ್ಯ ಡಾಕ್ಟರ ಮನೆಗೆ ಓಡಿದೆ. ಬಾಳೆಹಣ್ಣು ತಿನ್ನಿಸಲಾ ಅಂತ ಕೇಳಿದೆ. ಯಾವತ್ತೂ ನಗುತ್ತಲೇ ಮಾತಾಡುವ ಅವರ ಮುಖ ಕಪ್ಪಿಟ್ಟಿತು. “ಏನೂ ತಿನ್ನಿಸ್ಬೇಡಿ ವನಜಮ್ಮ. ನಾಣ್ಯ ಆಗಿದ್ರೆ ಮಾತು ಬೇರೆ. ಇದು ಗಂಟಲಲ್ಲಿ ನಿಂತ್ರೆ ಒಳಗೇ ಸುಡುತ್ತೆ. ಕಾಯ್ತಾ ಕೂರ್ಬೇಡಿ, ತುಮಕೂರಿಗೆ ಹೊರಡಿ” ಅಂದರು.

ಸುಡುತ್ತೆ ಅಂದ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಬಸ್ಸಿನಲ್ಲಿ ನಿಮ್ಮಪ್ಪನ ತೊಡೆಯ ಮೇಲೆ ಮಂಜು. ಅವಳು ಎಂಜಲು ನುಂಗಿದರೆ ನಾನು ಅವಳ ಕತ್ತು ನೋಡುವುದು, ಕೆಮ್ಮಿದರೆ ಬಾಯೊಳಗೆ ನೋಡುವುದು. ಮಲ್ಲಸಂದ್ರ ದಾಟುವಾಗ “ಅಜ್ಜಿ, ನೀರು” ಅಂದಳು. ಬಾಟಲಿ ನನ್ನ ಮಡಿಲಲ್ಲೇ ಇತ್ತು. ಕೊಡಲಿಲ್ಲ. ಸೆರಗಿನ ಕೆಳಗೆ ಬಚ್ಚಿಟ್ಟೆ. ಮುಂದೆ ರೈಲ್ವೆ ಗೇಟು ಹಾಕಿದ್ದರು. ಗೂಡ್ಸು ಗಾಡಿ ಬರುತ್ತಲೇ ಇದೆ, ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವುದೇ ಇಲ್ಲ. ನೀನು ಹಾಸಿಗೆಯ ಮೇಲೆ ಮಲಗಿರುವುದು ಕಣ್ಣಿಗೆ ಬರುತ್ತಿತ್ತು. ಇನ್ನೂ ಹುಟ್ಟದ ಕೂಸನ್ನು ನೀನು ಕಾಯುತ್ತಿದ್ದೀಯ, ನಿನ್ನ ಹುಟ್ಟಿದ ಕೂಸನ್ನು ಕಾಯುವುದಕ್ಕೆ ನನ್ನ ಕೈಲಾಗಲಿಲ್ಲವಲ್ಲ ಅಂತ ಗೇಟಿನ ಕಂಬ ನೋಡುತ್ತಾ ಕೂತಿದ್ದೆ. ನಿಮ್ಮಪ್ಪ ಮಂಜುವಿನ ಕಾಲ್ಗೆಜ್ಜೆಯ ಕೊಕ್ಕೆ ಬಿಚ್ಚುವುದು, ಮತ್ತೆ ಹಾಕುವುದು ಮಾಡುತ್ತಿದ್ದರು.

ಎಕ್ಸ್‌ರೇ ತೆಗೆದರು. ಮಂಜುವಿನ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಗಂಟಲಲ್ಲಿ, ಎದೆಯಲ್ಲಿ, ಎಲ್ಲೂ ಇರಲಿಲ್ಲ. ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಮಗುವಿನ ಸಣ್ಣ ಸಣ್ಣ ಎಲುಬು ಹೆಣೆದ ಬುಟ್ಟಿಯ ಹಾಗೆ ಚೊಕ್ಕಟವಾಗಿದ್ದವು.

ಇಲ್ಲಿಗೆ ಕಥೆ ಮುಗಿಯಿತು ಅಂತ ಸಹಿ ಹಾಕೋಣ ಅಂದುಕೊಂಡೆ. ಕೈ ಬರುತ್ತಿಲ್ಲ. ಶಾಂತಲಾ, ಕಾಗದದ ತಲೆಯ ಮೇಲೆ ಗುಬ್ಬಿ ಅಂತ ಬರೆದಿದ್ದೇನಲ್ಲ, ಅದು ಸುಳ್ಳು. ಇಲ್ಲಿ ಜಗಲಿಯೂ ಇಲ್ಲ. ನಾನು ಕೂತಿರುವುದು ತುಮಕೂರಿನ ಆಸ್ಪತ್ರೆಯ ಬೆಂಚಿನ ಮೇಲೆ. ಮಂಜು ಬಿಸ್ಕತ್ತು ತಿನ್ನುತ್ತಿರುವುದು ನಿಜ. ನಿಮ್ಮಪ್ಪ ಮಲಗಿರುವುದೂ ನಿಜ, ಆದರೆ ನಿದ್ದೆ ಮಾಡುವುದಕ್ಕಲ್ಲ.

ಸೆಲ್ಲು ಅವರ ಹೊಟ್ಟೆಯಲ್ಲಿದೆ.

ಅದು ಹೇಗೆ ಗೊತ್ತಾಯಿತು ಅಂತ ಕೇಳಬೇಡ, ಗೊತ್ತಾಯಿತು. ಅವರಿಗೂ ಎಕ್ಸ್‌ರೇ ತೆಗೆದರು. ಕರಿ ಮೋಡದೊಳಗೆ ಹುಣ್ಣಿಮೆ ಚಂದ್ರ ಕೂತ ಹಾಗೆ, ಎದೆಗೂಡಿನ ಕೆಳಗೆ ದುಂಡಗೆ ಬೆಳ್ಳಗೆ ಹೊಳೆಯುತ್ತಿತ್ತು. ಫೋಟೋ ನೋಡಿದ ಮೇಲೇ ಅವರಿಗೆ ನೆನಪಾದದ್ದು. ಒಂದು ಸೆಲ್ಲನ್ನು ನಾಲಿಗೆಗೆ ಇಟ್ಟು ನೋಡುತ್ತಿದ್ದರಂತೆ. ಅಷ್ಟರಲ್ಲಿ ಹುಣಸೆ ರಸದ ಕರೆಂಟು ತಾಗಿ, “ತಾತಾ, ಕೋತಿ ಕಣ್ ಬಿಡ್ತು!” ಅಂತ ಮಂಜು ಕಿರುಚಿದ್ದಾಳೆ. ಎರಡೂ ಕೈಯಲ್ಲಿ ವೈರು. ಅಡಿಕೆ ಹೋಳು ಒತ್ತಿಕೊಳ್ಳುವ ಹಾಗೆ ಸೆಲ್ಲನ್ನು ದವಡೆಗೆ ಒತ್ತಿಕೊಂಡಿದ್ದಾರೆ. ನಾನು ಊಟಕ್ಕೆ ಕರೆದೆ, ಎದ್ದು ಬಂದರು.

ರಂಜನಿ ಅಂತ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರು, ಬೆಂಗಳೂರು ಕಡೆಯವರಿರಬೇಕು. “ಅಗಿಯೋವಾಗ ಹಲ್ಲಿಗೆ ಸಿಗ್ಲಿಲ್ವಾ ತಾತ?” ಅಂತ ಆಶ್ಚರ್ಯದಿಂದ ಕೇಳಿದರು.

“ಮುದ್ದೆ ಅಗಿಯೋದಲ್ಲ ಕಣವ್ವ, ನುಂಗೋದು” ಅಂದರು ನಿಮ್ಮಪ್ಪ. “ಜೊತೇಲಿ ಯಾರ್ ಬಂದವ್ರೆ ಅಂತ ನಾವು ಕೇಳಕ್ಕಿಲ್ಲ.”

ಡಾಕ್ಟರಿಗೆ ನಗು ಬಂತು, ತಡೆದುಕೊಂಡರು. ಗಂಟಲು ದಾಟಿದ್ದು ಅದೃಷ್ಟ ಅಂದರು. ಆದರೆ ಹೊಟ್ಟೆಯಲ್ಲೇ ಕೂತುಬಿಟ್ಟರೆ ಕಷ್ಟವಂತೆ. ಇವತ್ತು ಬೆಳಿಗ್ಗೆಯ ಫೋಟೋದಲ್ಲೂ ಚಂದ್ರ ಅಲ್ಲೇ ಇದ್ದ. ಸಂಜೆ ಇನ್ನೊಂದು ತೆಗೆಯುತ್ತಾರೆ. ಆಗಲೂ ಕದಲದಿದ್ದರೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ತೆಗೆಸಬೇಕು. ಅದಕ್ಕೆ ಮಂಪರಿನ ಮದ್ದು ಕೊಡಬೇಕು, ಇವರಿಗೆ ದಮ್ಮು ಇದೆಯಲ್ಲ, ಅದೇ ಯೋಚನೆ ಅಂದರು. ಆ ‘ಯೋಚನೆ’ ಅನ್ನುವ ಮಾತನ್ನು ಅವರು ನನ್ನ ಮುಖ ನೋಡದೆ ಹೇಳಿದರು.

ನಿಮ್ಮಪ್ಪ ಮಾತ್ರ ಹಾಸಿಗೆಯಲ್ಲಿ ಮಲಗಿಕೊಂಡೇ ಮಂಜುವಿಗೆ, “ನನಗೇ ಎರಡು ವೈರು ಚುಚ್ಚೆ, ಈಗ ಕೋತಿ ನನ್ ಕರೆಂಟಲ್ಲೇ ಓಡ್ತದೆ” ಅನ್ನುತ್ತಿದ್ದಾರೆ. “ಸುಮ್ನೆ ಬಿದ್ಕೊಳ್ರೀ” ಅಂತ ಗದರಿ, ಕೊಳಾಯಿಯ ಹತ್ತಿರ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ. ನನಗೆ ಭಯವಾಗುತ್ತಿದೆ ಶಾಂತಲಾ. ಇಷ್ಟು ವರ್ಷ ಕಳ್ಳರ ಕಥೆ, ದೆವ್ವದ ಕಥೆ ಎಷ್ಟು ಹೇಳಿದೆ. ಭಯ ಅಂದರೆ ದೊಡ್ಡದಾಗಿ, ಕೂದಲು ಕೆದರಿಕೊಂಡು ಬರುತ್ತದೆ ಅಂತ ಹೇಳಿದೆ. ಇದು ಹುಣಸೆ ಬೀಜದಷ್ಟಿದೆ.

ನೀನು ಏಳಬೇಡ, ಬರಬೇಡ. ಚಿಕ್ಕರಂಗಯ್ಯ ಬಂದು ಏನೇ ಹೇಳಲಿ, ಇದೇ ನಿಜ ಅಂತ ಹಿಡಿದುಕೊ. ನಿಮ್ಮತ್ತೆಗೆ ಮಾವಿನಕಾಯಿ ತೊಕ್ಕಿನ ವಿಷಯ ಬರೆದಿದ್ದಾರೆ ಅಂತ ಹೇಳು.

ಇಂತಿ,
ನೀನು ಹೂಂ ಅನ್ನುವುದನ್ನೇ ಕಾಯುತ್ತಿರುವ ನಿನ್ನ ಅಮ್ಮ
ವನಜಮ್ಮ

ಮರೆತದ್ದು: ಬುಧವಾರ ಬೆಳಿಗ್ಗೆ. ನಿನ್ನೆ ಸಂಜೆಯ ಫೋಟೋ ನೋಡದೆ ಹೊರಡುವುದಿಲ್ಲ ಅಂತ ತಿಮ್ಮೇಶ ಹಟ ಹಿಡಿದ. ಅದಕ್ಕೇ ಕಾಗದ ಇನ್ನೂ ಇಲ್ಲೇ ಇದೆ. ಸಂಜೆ ಅದು ಕೆಳಕ್ಕೆ ಇಳಿದಿತ್ತು. ಈಗ ಬೆಳಿಗ್ಗೆ ಹೊರಗೆ ಬಂತು. ಸುಟ್ಟ ಹುಣಸೆ ಬೀಜದ ಹಾಗೆ ಕಪ್ಪಗಾಗಿದೆ. ಇನ್ನೂ ಒಂದು ದಿನ ಇಟ್ಟುಕೊಂಡು ನೋಡಿ ಕಳಿಸುತ್ತಾರಂತೆ. ಮನೆಯಲ್ಲಿ ಉಳಿದಿರುವ ಇನ್ನೊಂದು ಗುಂಡಿ ಸೆಲ್ಲನ್ನು ಹೋದ ತಕ್ಷಣ ಹೊರಗೆ ಹಾಕುತ್ತೇನೆ. ಇನ್ನು ಆ ಕೋತಿ ಓಡಿದರೆ ಹುಳಿಯಲ್ಲೇ ಓಡಲಿ, ಹುಣಸೆಹಣ್ಣು ನಾನೇ ನೆನೆಹಾಕಿಕೊಡುತ್ತೇನೆ.

ಹೇಗೆ ಗೊತ್ತಾಯಿತು ಅಂತ ಕೇಳಬೇಡ ಅಂದಿದ್ದೆನಲ್ಲ. ನೀನು ಕೇಳಿಯೇ ಕೇಳುತ್ತೀಯ. ಮಗುವಿನ ಹೊಟ್ಟೆಯಲ್ಲಿ ಏನೂ ಇಲ್ಲ ಅಂತ ಡಾಕ್ಟರು ಅಂದ ಕೂಡಲೇ ಮಂಜು ಬಿಕ್ಕಿ ಬಿಕ್ಕಿ ಅತ್ತಳು. “ತಾತನ ದವಡೇಲಿತ್ತು” ಅಂದಳು. ಸೆಲ್ಲು ಬಾಯಿಗೆ ಇಟ್ಟುಕೊಳ್ಳುವುದನ್ನು ಅವಳು ನೋಡಿದ್ದಳು. ಅಜ್ಜಿಗೆ ಹೇಳಬೇಡ ಅಂತ ನಿಮ್ಮಪ್ಪ ಕಣ್ಣು ಮಿಟುಕಿಸಿದ್ದರು. ನಾನು ಕೇಳಿದಾಗ ನಿಜ ಹೇಳಿದರೆ ತಾತನ ನಾಲಿಗೆ ಕಿತ್ತುಬಿಡುತ್ತೇನೆ ಅಂತ, ತನ್ನ ಹೊಟ್ಟೆ ತೋರಿಸಿದಳಂತೆ. ಬಾಯಾರಿದರೂ, ಸೂಜಿಗೆ ಹೆದರಿದರೂ ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ.

ಅವಳಿಗೆ ಇನ್ನೂ ನನ್ನ ಮೇಲೆ ನಂಬಿಕೆ ಬಂದಿಲ್ಲ. ಈಗಲೂ ನಾನು ಗಂಜಿ ಹಿಡಿದು ನಿಮ್ಮಪ್ಪನ ಹಾಸಿಗೆಯ ಹತ್ತಿರ ಹೋದರೆ, ಓಡಿ ಬಂದು ಅವರ ಬಾಯಿಗೆ ತನ್ನ ಎರಡು ಅಂಗೈ ಅಡ್ಡ ಇಟ್ಟು ನಿಲ್ಲುತ್ತಾಳೆ.